ಹೆಸರಿನ ಒತ್ತಕ್ಷರ ಸರಿ ಇದೆಯಾ? ಬೋಧಕೇತರ ಸಿಬ್ಬಂದಿಯ ಸನ್ಮಾನಕ್ಕೆ ತಂದ ಸಾಮಾನಿನ ಬಗ್ಗೆ

ಹೋದ ವರ್ಷ ನಮ್ಮ ವಿಶ್ವವಿದ್ಯಾಲಯದ ಸಂಸ್ಥಾಪನಾ ದಿನದಂದು ಏಳು ಜನ ಬೋಧಕೇತರ ಸಿಬ್ಬಂದಿಗೆ ಸನ್ಮಾನ ಮಾಡಿದೆವು. ಸಾಮಾನು ತರುವ ಕೆಲಸ ನನ್ನ ಪಾಲಿಗೆ ಬಂತು. ಫಲಕ, ಶಾಲು, ಪೇಟ, ಹಾರ, ಪುಸ್ತಕ, ಎಲ್ಲವೂ. ತರುವ ಮೊದಲು ಎಲ್ಲಾದರೂ ಯಾರಾದರೂ ಇವುಗಳ ಬಗ್ಗೆ ಬರೆದಿದ್ದಾರಾ ಅಂತ ಹುಡುಕಿದೆ. ಅಂಗಡಿಯವರು ಹಾಕಿದ ಫೋಟೊ ಸಿಗುತ್ತವೆ, ಬೆಲೆ ಸಿಗುತ್ತದೆ, ಆದರೆ ಆರು ತಿಂಗಳಾದ ಮೇಲೆ ಆ ಫಲಕ ಒಬ್ಬರ ಮನೆಯಲ್ಲಿ ಹೇಗಿದೆ, ಆ ಶಾಲನ್ನು ಅವರು ಹೊದ್ದುಕೊಳ್ಳುತ್ತಾರಾ ಇಲ್ಲವಾ ಅಂತ ಯಾರೂ ಬರೆದಿಲ್ಲ. ನಾನು ಏಳರಲ್ಲಿ ಐದು ಮನೆಗಳಿಗೆ ಹೋಗಿ ನೋಡಿ ಬಂದಿದ್ದೇನೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ನಿಮ್ಮ ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಇಂಥ ಕೆಲಸ ನಿಮ್ಮ ತಲೆ ಮೇಲೆ ಬಂದರೆ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಮಾತು. ಮೇಷ್ಟ್ರುಗಳಿಗೆ ಸೆಪ್ಟೆಂಬರ್ 5 ಇದೆ. ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ಹುಡುಗರು ಗಾಡಿಯ ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದ ಕಥೆ ನಮಗೆಲ್ಲ ಗೊತ್ತು. ಸರ್ಕಾರಿ ನೌಕರರಿಗೆ ಏಪ್ರಿಲ್ 21ರ ದಿನಾಚರಣೆ ಇದೆ, ಸರ್ವೋತ್ತಮ ಸೇವಾ ಪ್ರಶಸ್ತಿ ಇದೆ. ಆದರೆ ಹಾಸ್ಟೆಲ್ ಅಡುಗೆಮನೆಯಲ್ಲಿ ಬೆಳಗಿನ ಜಾವ ಒಲೆ ಹಚ್ಚುವವರಿಗೆ, ಪಂಪ್‌ಹೌಸ್‌ನಲ್ಲಿ ಮಲಗುವವರಿಗೆ, ಅದರಲ್ಲೂ ಹೊರಗುತ್ತಿಗೆಯಲ್ಲಿ ಇರುವವರಿಗೆ ಅಂತ ನಮ್ಮಲ್ಲಿ ಏನೂ ಇರಲಿಲ್ಲ. ಕಾಯಂ ನೌಕರರಿಗಾದರೂ ನಿವೃತ್ತಿಯ ದಿನ ಒಂದು ಬೀಳ್ಕೊಡುಗೆ ಆಗುತ್ತದೆ. ಹೊರಗುತ್ತಿಗೆಯವರಿಗೆ ಅದೂ ಇಲ್ಲ. ಟೆಂಡರ್ ಬದಲಾದರೆ ಏಜೆನ್ಸಿ ಬದಲಾಗುತ್ತದೆ, ಅಷ್ಟೇ. ನಮ್ಮ ಏಳು ಜನರಲ್ಲಿ ಮೂವರು ಹೊರಗುತ್ತಿಗೆಯವರು. ಇದಕ್ಕಾಗಿ ಸಮಿತಿಯಲ್ಲಿ ಜೋರಾಗಿ ಮಾತಾಡಬೇಕಾಯಿತು, ಆದರೆ ಕೊನೆಗೆ ಎಲ್ಲರೂ ಒಪ್ಪಿದರು.

ಈಗ ಸಾಮಾನಿಗೆ ಬರುತ್ತೇನೆ. ಫಲಕದಿಂದ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಉಳಿದಿದ್ದೆಲ್ಲ ಅದರ ನಂತರ.

ಮೊದಲು ಆನ್‌ಲೈನ್‌ನಲ್ಲಿ ಗಾಜಿನ ಟ್ರೋಫಿ ನೋಡಿದೆ. ನೋಡಲು ಚೆನ್ನಾಗಿತ್ತು, ಪೆಟ್ಟಿಗೆಯೊಳಗೆ ನೀಲಿ ಮಖಮಲ್ ಬಟ್ಟೆ ಬೇರೆ. ಸ್ಯಾಂಪಲ್ ಅಂತ ಒಂದು ತರಿಸಿದೆ. ಮೂಲೆ ಮುಕ್ಕಾಗಿ ಬಂತು. ಅದನ್ನು ಬದಲಿಸಿ ಕೊಡುತ್ತಿದ್ದರೇನೋ, ಆದರೆ ಹೆಸರು ನೋಡಿ ನನಗೆ ಬೇಡವೇ ಬೇಡ ಅನ್ನಿಸಿತು. ಒತ್ತು ಕೆಳಗೆ ಬರುವ ಬದಲು ಪಕ್ಕಕ್ಕೆ ಬಂದಿತ್ತು. ಅರ್ಕಾವತ್ತು ತನ್ನ ಅಕ್ಷರ ಬಿಟ್ಟು ಮುಂದಿನ ಅಕ್ಷರದ ನೆತ್ತಿ ಮೇಲೆ ಕೂತಿತ್ತು. ಇದು ಯಾಕೆ ಆಗುತ್ತದೆ ಅಂತ ಗೊತ್ತಿದ್ದರೆ ನೀವು ಮೊದಲೇ ಎಚ್ಚರ ವಹಿಸಬಹುದು. ನಾವು ಫೋನಿನಲ್ಲಿ ಟೈಪ್ ಮಾಡುವುದು ಯುನಿಕೋಡ್‌ನಲ್ಲಿ. ಫಲಕ ಮಾಡುವ ಎಷ್ಟೋ ಕಡೆ ಇನ್ನೂ ಹಳೇ ಡಿಸೈನ್ ಸಾಫ್ಟ್‌ವೇರ್ ಇದೆ, ಅದರಲ್ಲಿ ನುಡಿ ಅಥವಾ ಅಂಥದ್ದೇ ಹಳೇ ಫಾಂಟ್ ಹಾಕಿಕೊಂಡಿರುತ್ತಾರೆ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಪರಿವರ್ತಕಕ್ಕೆ ಹಾಕದೆ ಹಾಗೇ ಅಂಟಿಸಿದರೆ ಅಕ್ಷರ ಒಡೆಯುತ್ತದೆ. ಕನ್ನಡ ಬಾರದವರು ಕೂತಿದ್ದರೆ ಒಡೆದಿದೆ ಅಂತ ಗೊತ್ತೂ ಆಗುವುದಿಲ್ಲ, ಹಾಗೇ ಕೆತ್ತಿ ಕಳಿಸುತ್ತಾರೆ.

ಇದು ನನಗೆ ಯಾಕೆ ಇಷ್ಟು ತಾಗಿತು ಅಂದರೆ, ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದಲ್ಲೇ ನಿವೃತ್ತರಾದ ಒಬ್ಬ ಅಟೆಂಡರ್ ಅಮ್ಮನಿಗೆ ಕೊಟ್ಟ ಫಲಕದಲ್ಲಿ ಹೆಸರಿನ ಕೊನೆಯ ಒತ್ತು ಬಿಟ್ಟುಹೋಗಿತ್ತು. ವೇದಿಕೆ ಮೇಲೆ ಯಾರೂ ನೋಡಲಿಲ್ಲ. ಮನೆಗೆ ಹೋದ ಮೇಲೆ ಅವರ ಮಗ ನೋಡಿದ. ಅವರು ದೂರು ಹೇಳಲಿಲ್ಲ. ಒಮ್ಮೆ ಅವರ ಮನೆಗೆ ಹೋದಾಗ ಫಲಕ ಎಲ್ಲಿ ಅಂತ ನಾನೇ ಕೇಳಿದೆ. ಬೀರುವಿನೊಳಗೆ ಸೀರೆಗಳ ಕೆಳಗೆ, ಮುಖ ಒಳಗೆ ಮಾಡಿ ಇಟ್ಟಿದ್ದರು. "ನಂದಲ್ಲ ಅನ್ಸುತ್ತೆ ಕಣಪ್ಪ ಅದು" ಅಂದರು. ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಹಾಗಾಗಿ ಆನ್‌ಲೈನ್ ಬಿಟ್ಟು ನಮ್ಮೂರಿನ ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿರುವ ಒಂದು ಅಂಗಡಿಗೆ ಹೋದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಬೋರ್ಡು, ಮೊಹರು, ಮದುವೆ ಮನೆಯ ನಾಮಫಲಕ, ಇಂಥದ್ದು ಅವರ ಮುಖ್ಯ ಕೆಲಸ. ಒಂದು ಲೇಸರ್ ಯಂತ್ರ ಇದೆ. ಗಂಡ ಮರದ ಕೆಲಸ ನೋಡಿಕೊಳ್ಳುತ್ತಾರೆ, ಹೆಂಡತಿ ಕಂಪ್ಯೂಟರ್ ಮುಂದೆ. ಈಗಾಗಲೇ ಕೈತುಂಬ ಕೆಲಸ ಇದೆ, ಹೊಸಬರು ಜಾಸ್ತಿ ಬಂದರೆ ಸುಧಾರಿಸಲು ಆಗುವುದಿಲ್ಲ ಅಂದರು, ಅದಕ್ಕೆ ಹೆಸರು ಹಾಕುತ್ತಿಲ್ಲ.

ನಾನು ಏಳು ಹೆಸರು ಬರೆದ ಚೀಟಿ ಕೊಟ್ಟೆ. ಆಕೆ ಓದಿ, "ಇದು ನೀವು ಬರೆದಿದ್ದು. ಅವರು ತಮ್ಮ ಹೆಸರನ್ನ ಹೇಗೆ ಬರೀತಾರೆ ಸಾರ್?" ಅಂತ ಕೇಳಿದರು. ಅಂದರೆ, ಮಹಾಪ್ರಾಣ ಹಾಕುತ್ತಾರಾ ಇಲ್ಲವಾ, ಇನಿಷಿಯಲ್ ಮುಂದೆ ಹಾಕುತ್ತಾರಾ ಹಿಂದೆ ಹಾಕುತ್ತಾರಾ. ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷ ದಿನಾ ನೋಡುತ್ತಿದ್ದ ಜನ, ಅವರ ಹೆಸರು ಅವರೇ ಹೇಗೆ ಬರೆಯುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಅವರ ಸಹಿ ಇರುವ ಯಾವುದಾದರೂ ಕಾಗದ ತನ್ನಿ ಅಂದರು. ವಾಪಸ್ ಬಂದು ಹಾಜರಿ ಪುಸ್ತಕದ ಫೋಟೊ ತೆಗೆದುಕೊಂಡು ಹೋದೆ. ನನ್ನ ಚೀಟಿಯ ಏಳು ಹೆಸರುಗಳಲ್ಲಿ ಮೂರು ತಪ್ಪಿದ್ದವು.

ಆಮೇಲೆ ಕೆಳಗಿನ ಸಾಲು. ನಾನು ಬರೆದುಕೊಂಡು ಹೋಗಿದ್ದು ಏಳು ಜನಕ್ಕೂ ಒಂದೇ, "ವಿಶಿಷ್ಟ ಸೇವೆಯನ್ನು ಗುರುತಿಸಿ ಗೌರವಪೂರ್ವಕವಾಗಿ" ಅಂತ. ಆಕೆ ಅದನ್ನು ಟೈಪ್ ಮಾಡುತ್ತ ಮಾಡುತ್ತ ನಿಲ್ಲಿಸಿ, "ಏನು ಕೆಲಸ ಮಾಡಿದ್ದಾರೆ ಅಂತ ಹಾಕಲ್ವಾ?" ಅಂದರು. ಹಾಕಬಹುದಾ ಅಂತ ನಾನು ಕೇಳಿದೆ. "ಜಾಗ ಇದೆಯಲ್ಲ ಸಾರ್. ಎರಡು ಸಾಲು ಬರುತ್ತೆ, ದುಡ್ಡು ಅಷ್ಟೇ ಆಗುತ್ತೆ."

ಆ ಒಂದು ಪ್ರಶ್ನೆಯಿಂದ ನಮ್ಮ ಕಾರ್ಯಕ್ರಮವೇ ಬದಲಾಯಿತು. ಸಮಿತಿಯವರು ಎರಡು ಸಂಜೆ ಕೂತು ಒಬ್ಬೊಬ್ಬರಿಗೂ ಒಂದೊಂದು ಸಾಲು ಬರೆದೆವು. ನಮ್ಮ ಹಿರಿಯರು ಬಿನ್ನವತ್ತಳೆ, ಅಂದರೆ ಸನ್ಮಾನ ಪತ್ರ, ಓದುತ್ತಿದ್ದರು, ಪುಟಗಟ್ಟಲೆ ಹೊಗಳಿಕೆ ಇರುತ್ತಿತ್ತು, ಅದೂ ಚೆಂದವೇ. ಆದರೆ ಒಂದೇ ಸಾಲಿನಲ್ಲಿ ಒಬ್ಬರ ಕೆಲಸ ಹೇಳುವುದು ಅದಕ್ಕಿಂತ ಕಷ್ಟ. ಅದಕ್ಕೆ ಹೋಗಿ ಕೇಳಬೇಕು. ಪರೀಕ್ಷಾ ವಿಭಾಗದ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು) ಒಬ್ಬರು, ಅಂಕಗಳೆಲ್ಲ ಆನ್‌ಲೈನ್‌ಗೆ ಬಂದ ಹೊಸತರಲ್ಲಿ, ಕೆಲಸ ಸಿಕ್ಕು ಅಂಕಪಟ್ಟಿ ಸಿಗದೆ ಒದ್ದಾಡುತ್ತಿದ್ದ ಮಕ್ಕಳ ಹೆಸರನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ರಜೆಯ ದಿನವೂ ಬಂದು, ಕಾಲೇಜುಗಳಿಗೆ ಫೋನ್ ಮಾಡಿ ಮಾಡಿ ಒಂದೊಂದನ್ನೇ ಸರಿಪಡಿಸಿದ್ದರು ಅಂತ ನಮಗೆ ಆಗಲೇ ಗೊತ್ತಾಗಿದ್ದು. ಆ ನೋಟ್‌ಬುಕ್ ತೋರಿಸಿದರು. ಪ್ರತಿ ಹೆಸರಿನ ಮುಂದೆ ಹಸಿರು ಪೆನ್ನಿನ ಒಂದು ಗೆರೆ. ಗೆರೆ ಇಲ್ಲದ ಹೆಸರು ಒಂದೂ ಇರಲಿಲ್ಲ.

ಹೆಣ್ಣುಮಕ್ಕಳ ಹಾಸ್ಟೆಲ್‌ನ ಅಡುಗೆ ಅಕ್ಕನದ್ದು ಇನ್ನೊಂದು ಥರ. ಬೆಳಿಗ್ಗೆ ಎಂಟೂವರೆಗೆ ತಿಂಡಿ ಅಂತ ನಿಯಮ. ಪರೀಕ್ಷೆ ಒಂಬತ್ತೂವರೆಗೆ, ಕೆಲವರಿಗೆ ಸೆಂಟರ್ ದೂರ. ಅಕ್ಕ ಪರೀಕ್ಷೆಯ ದಿನಗಳಲ್ಲಿ ಯಾರೂ ಹೇಳದಿದ್ದರೂ ಆರೂವರೆಗೆ ಉಪ್ಪಿಟ್ಟು ಇಳಿಸಿರುತ್ತಿದ್ದರು. ಅವರ ಫಲಕದಲ್ಲಿ ಹೀಗೆ ಬರೆಸಿದೆವು: "ನಮ್ಮ ಹೆಣ್ಣುಮಕ್ಕಳು ಪರೀಕ್ಷೆಗೆ ಹಸಿದು ಹೋಗದಂತೆ ನೋಡಿಕೊಂಡವರು."

ಹಸ್ತಪ್ರತಿ ಭಂಡಾರದ ಅಟೆಂಡರ್‌ಗೆ: "31 ವರ್ಷ ತಾಳೆಗರಿ ಒರೆಸಿ ಉಳಿಸಿದವರು." ಇದಕ್ಕೆ ಸಮಿತಿಯಲ್ಲಿ ಒಬ್ಬರು, ಒರೆಸಿ ಅಂದರೆ ಚಿಕ್ಕ ಕೆಲಸದ ಹಾಗೆ ಕೇಳುತ್ತದೆ, ಸಂರಕ್ಷಿಸಿ ಅಂತ ಹಾಕೋಣ ಅಂದರು. ನಾನು ಒಪ್ಪಲಿಲ್ಲ. ಅವರು ಮಾಡುವುದು ಒರೆಸುವ ಕೆಲಸವೇ. ಒಂದೊಂದು ಗರಿ ಬಿಚ್ಚಿ, ದೂಳು ತೆಗೆದು, ಹುಳ ಬೀಳದಂತೆ ಸಿಟ್ರೊನೆಲ್ಲಾ ಎಣ್ಣೆ ಸವರಿ, ಅದೇ ಕ್ರಮದಲ್ಲಿ ಮತ್ತೆ ಕಟ್ಟಿಡುವುದು. ಆ ಎಣ್ಣೆಯ ವಾಸನೆ ಅವರ ಅಂಗಿಯಲ್ಲೂ ಇರುತ್ತದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು, ಅದು ಜಗತ್ತಿಗೇ ಗೊತ್ತಾಯಿತು. ಅವರೂ ಒಬ್ಬ ಲೈಬ್ರರಿಯ ನೌಕರರೇ, ಅಲ್ವಾ? ಆ ಗರಿಗಳನ್ನು ತಂದುಕೊಟ್ಟವರು ತಂಜಾವೂರು ಕಡೆಯ ಒಬ್ಬ ಪಂಡಿತರು ಅಂತಷ್ಟೇ ನಾವು ಓದುತ್ತೇವೆ. ಅವರಿಗಿಂತ ಮುಂಚೆ ಎಷ್ಟು ಜನ ಆ ಗರಿಗಳನ್ನು ಒರೆಸಿ ಎಣ್ಣೆ ಹಚ್ಚಿ ಕಟ್ಟಿಟ್ಟಿದ್ದರೋ. ಕೊನೆಗೆ "ಒರೆಸಿ" ಉಳಿಯಿತು.

ಫಲಕದ ಗುಣಮಟ್ಟ ಹೇಳುತ್ತೇನೆ. ಹಲಸಿನ ಹಲಗೆ, ಸುಮಾರು ಒಂದು ಅಡಿ ಅಗಲ, ಒಂದಕ್ಕೆ 650 ರೂಪಾಯಿ ತೆಗೆದುಕೊಂಡರು. ಅದೇ ಅಳತೆಯ ಎಂಡಿಎಫ್ ಹಲಗೆ (ಮರದ ನಾರು ಒತ್ತಿ ಮಾಡಿದ್ದು) 400ಕ್ಕೆ ಬರುತ್ತಿತ್ತು, ಆದರೆ ಮಳೆಗಾಲದಲ್ಲಿ ಗೋಡೆ ತೇವ ಇರುವ ಮನೆಗಳಲ್ಲಿ ಅದು ಉಬ್ಬುತ್ತದೆ ಅಂತ ಅವರೇ ಬೇಡ ಅಂದರು. ಹಲಸು ಮೊದಲು ಹಳದಿ ಇತ್ತು, ಆರು ತಿಂಗಳಲ್ಲಿ ಬಣ್ಣ ತಿರುಗಿ ಜೇನಿನ ಹಾಗೆ ಆಗಿದೆ, ಕೆತ್ತಿದ ಅಕ್ಷರ ಇನ್ನೂ ಎದ್ದು ಕಾಣುತ್ತಿದೆ. ಒಂಬತ್ತು ದಿನ ತೆಗೆದುಕೊಂಡರು. ಕೆತ್ತುವ ಮೊದಲು ಕಾಗದದ ಮೇಲೆ ಅದೇ ಅಳತೆಯಲ್ಲಿ ಪ್ರಿಂಟ್ ತೆಗೆದು ಏಳನ್ನೂ ನನ್ನ ಕೈಲಿ ಜೋರಾಗಿ ಓದಿಸಿದರು. ಕೊರತೆ ಎರಡಿವೆ. ಹಿಂದಿನ ಕೊಕ್ಕೆ ತೀರಾ ಸಣ್ಣದು. ಪಂಪ್‌ಹೌಸ್‌ನವರ ಮನೆಯಲ್ಲಿ ಒಂದು ರಾತ್ರಿ ಕಳಚಿ ಬಿದ್ದು ಮೂಲೆ ಜಜ್ಜಿದೆ. ಇನ್ನೊಂದು, ಕೆಳಗಿನ ಸಾಲಿನ ಅಕ್ಷರ ಚಿಕ್ಕದಾಯಿತು. ಅಡುಗೆ ಅಕ್ಕನಿಗೆ ಕನ್ನಡಕ ಹಾಕಿದರೂ ದೂರದಿಂದ ಓದಲು ಆಗುವುದಿಲ್ಲ. ಇದು ನಾನು ಮೊದಲೇ ಯೋಚಿಸಬೇಕಿತ್ತು. ಎರಡನ್ನೂ ಅಂಗಡಿಯವರಿಗೆ ಹೇಳಿದ್ದೇನೆ. ಇಷ್ಟಿದ್ದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅದರಲ್ಲಿ ದೊಡ್ಡ ಪಾಲು ಆಕೆ ಕೇಳಿದ ಆ ಎರಡು ಪ್ರಶ್ನೆಗಳಿಗೆ.

ಶಾಲು. ಸನ್ಮಾನದ ಶಾಲು ಅಂತ ಕಟ್ಟುಗಟ್ಟಲೆ ಮಾರುವುದನ್ನು ದಯವಿಟ್ಟು ತರಬೇಡಿ. ಹೊಳೆಯುವ ಜರಿ, ಒಳಗೆಲ್ಲ ಪಾಲಿಯೆಸ್ಟರ್, ಚಳಿಗೂ ಆಗುವುದಿಲ್ಲ ಬಿಸಿಲಿಗೂ ಆಗುವುದಿಲ್ಲ. ಪಡೆದವರು ಅದನ್ನು ಇನ್ನೊಬ್ಬರಿಗೆ ಹೊದಿಸುತ್ತಾರೆ, ಅವರು ಮತ್ತೊಬ್ಬರಿಗೆ. ನಾನು ಖಾದಿ ಭಂಡಾರದಲ್ಲಿ ಉಣ್ಣೆಯ ಶಾಲು ತಂದೆ. ಬೂದು ಬಣ್ಣ, ಅಂಚಿನಲ್ಲಿ ತೆಳುವಾದ ಕೆಂಪು ಗೆರೆ. ರಿಯಾಯಿತಿ ಇದ್ದ ದಿನಗಳಲ್ಲಿ ಹೋಗಿದ್ದರಿಂದ ಬೆಲೆ ಹೊಂದಿತು. ಫೋಟೊದಲ್ಲಿ ಅಷ್ಟೇನೂ ಮಿಂಚುವುದಿಲ್ಲ, ಇದನ್ನು ಒಬ್ಬರು ನನಗೆ ಹೇಳಿದರು ಕೂಡ. ಆದರೆ ರಾತ್ರಿ ಪಾಳಿಯ ಸೆಕ್ಯುರಿಟಿಯವರು ಡಿಸೆಂಬರ್ ಜನವರಿ ಎರಡೂ ತಿಂಗಳು ಗೇಟಿನಲ್ಲಿ ಅದನ್ನೇ ಹೊದ್ದು ಕೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲ ಸಲ ತಣ್ಣೀರಿನಲ್ಲೇ ಒಗೆಯಬೇಕು, ಬಣ್ಣ ಸ್ವಲ್ಪ ಬಿಡುತ್ತದೆ.

ಮೈಸೂರು ಪೇಟದ ಬಗ್ಗೆ ನನಗೆ ಮೊದಲಿನಿಂದಲೂ ಪ್ರೀತಿ. ಕಟ್ಟಿಸಿದ ರೇಷ್ಮೆ ಪೇಟ ಬೇರೆ, ಅಂಗಡಿಯಲ್ಲಿ ಸಿಗುವ ಸಿದ್ಧ ಪೇಟ ಬೇರೆ. ಸಿದ್ಧ ಪೇಟದೊಳಗೆ ರಟ್ಟು ಇರುತ್ತದೆ, ಮೇಲೆ ಸ್ಯಾಟಿನ್ ಸುತ್ತಿ ಹೊಲಿದಿರುತ್ತಾರೆ. ನಮ್ಮ ದುಡ್ಡಿಗೆ ಸಿದ್ಧ ಪೇಟವೇ ಆಗಿದ್ದು, ಒಂದಕ್ಕೆ 350. ನಾನು ಮಾಡಿದ ತಪ್ಪು, ಏಳಕ್ಕೂ ಒಂದೇ ಅಳತೆ ತಂದೆ. ಇಬ್ಬರಿಗೆ ಬಿಗಿಯಾಯಿತು, ಮಾಲಿಯವರಿಗೆ ಸಡಿಲವಾಗಿ ಕಣ್ಣಿನ ಮೇಲೆ ಜಾರಿತು. ವೇದಿಕೆ ಮೇಲೆ ಒಬ್ಬರ ತಲೆಗೆ ಗೌರವದಿಂದ ಇಡುವ ವಸ್ತು ಸರಿಯಾಗಿ ಕೂರಬೇಕು. ಒಂದು ದಾರ ತೆಗೆದುಕೊಂಡು ಮೊದಲೇ ಅಳತೆ ಕೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಂಗಸರಿಗೆ ಪೇಟ ಬೇಡ, ಸೀರೆ ಕೊಡೋಣ ಅಂತ ಒಂದು ಸಲಹೆ ಬಂತು. ಏಳು ಜನಕ್ಕೂ ಒಂದೇ ಇರಲಿ ಅಂತ ನಾನು ಹಟ ಹಿಡಿದೆ. ಅಡುಗೆ ಅಕ್ಕನ ತಲೆಗೆ ಪೇಟ ಇಟ್ಟಾಗ ಹಿಂದಿನ ಸಾಲಿನಲ್ಲಿದ್ದ ಹಾಸ್ಟೆಲ್ ಹುಡುಗಿಯರು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದು ಎಷ್ಟು ಹೊತ್ತು ಅಂದರೆ, ನಿರೂಪಕರು ಮುಂದಿನ ಹೆಸರು ಕರೆಯಲು ಆಗದೆ ಸುಮ್ನೆ ನಿಂತಿದ್ದರು. ಲ್ಯಾಬ್ ಸಹಾಯಕರ ಮೊಮ್ಮಗ ಆ ಪೇಟ ಹಾಕಿಕೊಂಡು ಶಾಲೆಯಲ್ಲಿ ವಿಶ್ವೇಶ್ವರಯ್ಯ ಆಗಿದ್ದನಂತೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ದಿವಾನರಾಗಿದ್ದವರು ಅವರೇ ತಾನೇ, ಇದು ನನಗೆ ಬಹಳ ಖುಷಿ ಕೊಟ್ಟಿತು. ರಟ್ಟು ಮಾತ್ರ ಒಂದು ಕಡೆ ಬಗ್ಗಿದೆ. ಬೀರುವಿನಲ್ಲಿ ಇಡುವಾಗ ಒಳಗೆ ಹಳೇ ಬಟ್ಟೆ ತುಂಬಿಡಬೇಕು.

ಹಾರಕ್ಕೆ ಮೊದಲು ಗಂಧದ ಹಾರ ಅಂದುಕೊಂಡೆವು. ಈಗ ಅಗ್ಗಕ್ಕೆ ಸಿಗುವ ಬಹಳಷ್ಟು ಹಾರಗಳು ಬೇರೆ ಮರದ ಸಿಪ್ಪೆಗೆ ಪರಿಮಳ ಹಚ್ಚಿದವು, ವಾರ ಕಳೆದರೆ ವಾಸನೆ ಹೋಗುತ್ತದೆ. ನಿಜವಾದ ಗಂಧದ್ದು ನಮ್ಮ ಕೈಗೆ ಎಟುಕಲಿಲ್ಲ. ಆಗ ಸಹೋದ್ಯೋಗಿಯೊಬ್ಬರು ಊರಿಗೆ ಹೋದಾಗ ಹಾವೇರಿಯಿಂದ ಏಲಕ್ಕಿ ಹಾರ ತಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹಾವೇರಿಯ ಏಲಕ್ಕಿ ಹಾರ ಬಹಳ ಹೆಸರುವಾಸಿ, ದೊಡ್ಡ ದೊಡ್ಡ ಸಮಾರಂಭಗಳಿಗೆ ಅಲ್ಲಿಂದಲೇ ಹೋಗುತ್ತದೆ. ಎಳೆಗಳ ಲೆಕ್ಕದಲ್ಲಿ ಬೆಲೆ. ಜಾಸ್ತಿ ಎಳೆ ಇದ್ದಷ್ಟೂ ದಪ್ಪ, ಅಷ್ಟೂ ದುಬಾರಿ. ನಾವು ಕಡಿಮೆ ಎಳೆಯದ್ದೇ ತರಿಸಿದೆವು. ಆರು ತಿಂಗಳಾದ ಮೇಲೂ ಎಸ್‌ಡಿಎ ಮೇಡಂ ಮನೆಯಲ್ಲಿ ಶೋಕೇಸ್ ಬಾಗಿಲು ತೆಗೆದರೆ ಘಮ್ಮೆಂದಿತು. ಇದಕ್ಕೆ ಪೂರ್ತಿ ಅಂಕ. ಮೊದಲೇ ಹೇಳಿ ಮಾಡಿಸಬೇಕು, ಹೋದ ತಕ್ಷಣ ಏಳು ಸಿಗುವುದಿಲ್ಲ.

ಬಿದ್ರಿಯನ್ನೂ ನೋಡಿದೆ. ಸತು ತಾಮ್ರದ ಎರಕ, ಬೀದರ್ ಕೋಟೆಯ ಮಣ್ಣಿನಿಂದ ಬರುವ ಆ ಕಪ್ಪು, ಮೇಲೆ ಬೆಳ್ಳಿಯ ಬಳ್ಳಿ. ಕೈಯಲ್ಲಿ ಹಿಡಿದರೆ ಇಡಲು ಮನಸ್ಸಾಗುವುದಿಲ್ಲ. ಏಳು ಜನಕ್ಕೆ ತರುವಷ್ಟು ದುಡ್ಡಿರಲಿಲ್ಲ. ಮುಖ್ಯ ಅತಿಥಿಗೆ ಮಾತ್ರ ಒಂದು ಕೊಡೋಣ ಅಂದರು. ಇದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದಿದ್ದು, ಅತಿಥಿಗೆ ಬಿದ್ರಿ ಹೂಜಿ, ಸಿಬ್ಬಂದಿಗೆ ಪ್ಲಾಸ್ಟಿಕ್ ಫಲಕ. ಈ ಸಲ ಬೇಡ ಅಂದೆವು. ಅತಿಥಿಗೂ ಅದೇ ಏಲಕ್ಕಿ ಹಾರ, ಒಂದು ಪುಸ್ತಕ.

ಪುಸ್ತಕ ಅಂದಾಗ ನೆನಪಾಯಿತು. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು, ನೆನಪಿನ ಕಾಣಿಕೆ ಕೊಡಬಾರದು, ಬೇಕಾದರೆ ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಮಾಡಿತ್ತು. ನೀವು ಕಚೇರಿಯ ಖರ್ಚಿನಲ್ಲಿ ಮಾಡುವುದಾದರೆ ಮೊದಲು ಹಣಕಾಸು ವಿಭಾಗದಲ್ಲಿ ಕೇಳಿಕೊಳ್ಳಿ. ನಾವು ವಿಶ್ವವಿದ್ಯಾಲಯದ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಹಳೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಸಿಬ್ಬಂದಿ ಎಲ್ಲ ಸೇರಿ ಹಾಕಿದ ದುಡ್ಡು. ಪುಸ್ತಕಗಳನ್ನು ವಿಶ್ವವಿದ್ಯಾಲಯಗಳ ಪ್ರಸಾರಾಂಗದ, ಅಂದರೆ ಪುಸ್ತಕ ಪ್ರಕಟಿಸುವ ವಿಭಾಗದ, ಮಳಿಗೆಗಳಿಂದ ತಂದೆವು. ಅಷ್ಟು ಕಡಿಮೆ ಬೆಲೆಗೆ ಅಷ್ಟು ಒಳ್ಳೆಯ ಕನ್ನಡ ಪುಸ್ತಕ ಬೇರೆ ಕಡೆ ಸಿಗುವುದು ಕಷ್ಟ. ಮಾಲಿಯವರಿಗೆ ಗಿಡಮರಗಳ ಬಗ್ಗೆ ಒಂದು ಕೊಟ್ಟೆವು. ಅದರಲ್ಲಿರುವ ಎರಡು ಚಿತ್ರ ತಪ್ಪು ಅಂತ ಅವರು ಮರುದಿನವೇ ಬಂದು ತೋರಿಸಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ದುಡ್ಡಿನ ಕವರ್ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ಒಬ್ಬೊಬ್ಬರಿಗೆ 5,000 ಇಟ್ಟಿದ್ದೆವು. ಸನ್ಮಾನದಲ್ಲಿ ದುಡ್ಡು ಕೊಟ್ಟರೆ ಚೆನ್ನಾಗಿ ಕಾಣುವುದಿಲ್ಲ ಅಂತ ಕೆಲವರಿಗೆ ಅನ್ನಿಸಿತು. ನಾನು ಆ ಸೆಕ್ಯುರಿಟಿಯವರನ್ನೇ ಕೇಳಿದೆ. ಅವರು, "ಶಾಲು ನಂಗೆ, ಹಾರ ಮನೆಗೆ, ದುಡ್ಡು ಮಗಳ ಫೀಸಿಗೆ. ಮೂರೂ ಬೇಕು ಸಾರ್" ಅಂದರು. ತಿಂಗಳ ಸಂಬಳ ಎರಡು ತಿಂಗಳು ತಡವಾಗಿ ಬರುವ ಜನರಿಗೆ ನಾವು ಬರೀ ಹಾರ ಹಾಕಿ ಕಳಿಸಬಾರದು. ಸಂಬಳ ಸರಿಯಾದ ದಿನಕ್ಕೆ ಆಗಲಿ ಅಂತ ಸಂಘದಿಂದ ಬೇರೆಯಾಗಿ ಕಾಗದವನ್ನೂ ಕೊಟ್ಟಿದ್ದೇವೆ.

ಫೋಟೊದವರ ಬಗ್ಗೆ ಒಂದೇ ಮಾತು. ಇನ್ನೂರು ಫೋಟೊದಲ್ಲಿ ನೂರೈವತ್ತು ಅತಿಥಿಗಳದ್ದೇ ಇತ್ತು. ಯಾರ ಫೋಟೊ ಬೇಕು ಅಂತ ಮೊದಲೇ ಬರೆದು ಕೊಡಿ, ಮನೆಯವರನ್ನು ವೇದಿಕೆಗೆ ಕರೆದು ತೆಗೆಸಿ.

ಈ ವರ್ಷ ಒಂಬತ್ತು ಜನರನ್ನು ಆರಿಸಿದ್ದೇವೆ. ಅದೇ ಗಲ್ಲಿಯ ಅಂಗಡಿಗೆ ಆರ್ಡರ್ ಹೋಗುತ್ತದೆ, ದೊಡ್ಡ ಕೊಕ್ಕೆ ಎರಡೆರಡು, ಕೆಳಗಿನ ಸಾಲಿಗೆ ದಪ್ಪ ಅಕ್ಷರ. ಫಲಕ ಮಾತ್ರ ಹತ್ತು. ಹತ್ತನೆಯದು ಬೀರುವಿನಲ್ಲಿ ಸೀರೆಗಳ ಕೆಳಗೆ ಫಲಕ ಇಟ್ಟುಕೊಂಡಿರುವ ಆ ಅಮ್ಮನಿಗೆ. ಅವರು ನಿವೃತ್ತರಾಗುವ ಮೊದಲಿನ ವರ್ಷದ ಹಾಜರಿ ಪುಸ್ತಕ ರೆಕಾರ್ಡ್ ರೂಮಿನಲ್ಲಿ ಸಿಕ್ಕಿತು. ನೀಲಿ ಶಾಯಿ, ದುಂಡಗಿನ ಅಕ್ಷರ, ಒತ್ತನ್ನು ಎಳೆದು ಉದ್ದವಾಗಿ ಬರೆದಿದ್ದಾರೆ. ಫೋಟೊ ತೆಗೆದುಕೊಂಡಿದ್ದೇನೆ, ಸೋಮವಾರ ಅಂಗಡಿಗೆ ಕೊಡುತ್ತೇನೆ.